ಭುಜದಲ್ಲಿ ಉಳಿದ ಗುಂಡು

"ಮೂಗಿಗೆ ಕರ್ಚೀಫು ಕಟ್ಕೊಂಡು ಹೀಗೆ ದೂರದಿಂದ ನೋಡಿದ್ರೆ ಏನ್ ಗೊತ್ತಾಗತ್ತೆ ಸಾಹೇಬ್ರೇ? ಬಿಚ್ಚಿ ಹಾಕಿ. ಸ್ವಲ್ಪ ಹೊತ್ತಿಗೆ ಅಭ್ಯಾಸ ಆಗೋಗತ್ತೆ," ಎಂದ ನಜೀರ್.

ಇನ್ಸ್‌ಪೆಕ್ಟರ್ ಅಂಜನಮೂರ್ತಿ ಬಿಚ್ಚಲಿಲ್ಲ. ಬ್ಲಾಕ್‌ಪಲ್ಲಿಯಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಸಂದಿಯೊಳಗೆ, ನಜೀರನ ಅಂಗಳವೆಂದರೆ ಉಪ್ಪು, ಸುಣ್ಣ, ಹಸಿ ಚರ್ಮಗಳ ಊರು. ಶಿಕಾರಿಗೆ ಹೋಗಿ ಬಂದ ದೊಡ್ಡವರೆಲ್ಲ ತಾವು ಕೊಂದದ್ದನ್ನು ಇಲ್ಲಿಗೇ ಕಳಿಸುತ್ತಿದ್ದರು. ನಜೀರ್ ಅದಕ್ಕೆ ಹುಲ್ಲು ತುಂಬಿ, ಗಾಜಿನ ಕಣ್ಣಿಟ್ಟು, ಗೋಡೆಗೆ ನೇತುಹಾಕುವ ಹಾಗೆ ಮಾಡಿಕೊಡುತ್ತಿದ್ದ. ಸುತ್ತಲಿನ ಗೋಡೆಯ ಮೇಲಿಂದ ಚಿರತೆ, ಕಾಡುಹಂದಿ, ಚುಕ್ಕೆ ಜಿಂಕೆಗಳು ಇನ್ಸ್‌ಪೆಕ್ಟರರನ್ನೇ ನೋಡುತ್ತಿದ್ದವು. ಒಂದಕ್ಕೂ ಅವರ ಮೇಲೆ ಪ್ರೀತಿಯಿದ್ದಂತೆ ಕಾಣಲಿಲ್ಲ.

ಅವರಿಗೆ ಬೇಕಾಗಿದ್ದದ್ದು ಕಲ್ಲುಚಪ್ಪಡಿಯ ಮೇಲೆ ಹಾಸಿದ್ದ ಕಡವೆಯ ಚರ್ಮ.

ಈ ಕಡವೆಯನ್ನು ಹೊಡೆದ ಗುಂಡೇ ಅದರ ಮೈ ತೂರಿಕೊಂಡು ಆಚೆ ಹೋಗಿ, ಎದುರಿಗಿದ್ದ ಮುನಿಶಾಮಿಯ ಎದೆಗೆ ಬಿತ್ತೆಂದು ಹಲಸೂರು ಠಾಣೆಯಲ್ಲಿ ಬರೆದಾಗಿತ್ತು. ಹೊಡೆದವನು ಮುನಿಶಾಮಿಯ ಜೀವದ ಗೆಳೆಯ ಶಫಿ. ರಕ್ತದ ಅಂಗಿಯಲ್ಲೇ ಠಾಣೆಗೆ ನಡೆದು ಬಂದು, "ನಾನೇ ಕೊಂದೆ, ಒಳಗೆ ಹಾಕಿ" ಎಂದು ತಾನಾಗಿ ಲಾಕಪ್ಪಿಗೆ ಹೊಕ್ಕಿದ್ದ.

ನಾಳೆ ಬೆಳಗ್ಗೆ ಅವನನ್ನು ಹೇಳಿಕೆಗೆಂದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲೂ ಅವನು ಅದನ್ನೇ ಹೇಳುವುದು ಖಂಡಿತ. ಹೇಳಿದನೋ, ಮುಗಿಯಿತು. ಜೈಲಿನ ಮಾತು ಹಾಗಿರಲಿ. ಬದುಕಿರುವಷ್ಟು ದಿನವೂ ತನ್ನ ಕೈಯಿಂದಲೇ ಗೆಳೆಯ ಸತ್ತನೆಂದು ನಂಬಿಕೊಂಡಿರಬೇಕಲ್ಲ ಆ ಮನುಷ್ಯ! ಅಂಜನಮೂರ್ತಿಗಳಿಗೆ ರಾತ್ರಿಯೆಲ್ಲ ನಿದ್ದೆ ಬಾರದ್ದು ಅದಕ್ಕೇ.

ಇಬ್ಬರನ್ನೂ ಅವರು ಬಲ್ಲವರು. ಕೃಷ್ಣರಾಜಪುರದ ಕೆರೆಯ ಹತ್ತಿರ ಚಿರತೆಯೊಂದು ನಾಯಿಗಳನ್ನೆಲ್ಲ ಎತ್ತಿಕೊಂಡು ಹೋಗುತ್ತಿದ್ದಾಗ ಅದನ್ನು ಹೊಡೆಯಲು ಬಂದ ಜೋಡಿ ಅದು. ಮುನಿಶಾಮಿ ಹೆಜ್ಜೆ ನೋಡಬೇಕು, ಶಫಿ ಗುಂಡು ಹೊಡೆಯಬೇಕು, ಆಮೇಲೆ ಇಬ್ಬರೂ ಒಂದೇ ಬೀಡಿಯನ್ನು ಹಂಚಿಕೊಂಡು ಸೇದಬೇಕು. ಮುನಿಶಾಮಿಯ ಮಗ ಎಲ್ಲಪ್ಪ ಶಫಿಯನ್ನು "ಮಾಮ" ಎಂದೇ ಕರೆದು ಬೆಳೆದವನು.

"ಎದುರಿಗಿರೋದು ಬಲಗಡೆ ಭುಜ," ಎಂದ ನಜೀರ್. "ಗುಂಡು ಒಳಗೆ ಹೋಗಿರೋ ತೂತು ನೋಡಿ ಇಲ್ಲಿದೆ."

ತೂತು ಇತ್ತು. ಮುಂಗಾಲಿನ ಮೇಲೆ, ಭುಜದ ಮೂಳೆ ಇರುವಲ್ಲಿ, ಹೆಬ್ಬೆರಳು ತೂರುವಷ್ಟು.

"ಇನ್ನು ಆಚೆ ಕಡೆ ತೋರ್ಸು."

ನಜೀರ್ ಚರ್ಮವನ್ನು ಎಳೆದು ಹರಡಿದ. ಅಂಜನಮೂರ್ತಿ ಬಗ್ಗಿದರು. ಉಪ್ಪು ಕೊಡವಿದರು. ಕೂದಲನ್ನು ಹಿಂದಕ್ಕೆ ಸವರಿ ಅಂಗುಲ ಅಂಗುಲವಾಗಿ ನೋಡಿದರು. ಮಗ್ಗುಲಿನಿಂದ ಹೊಟ್ಟೆಯ ತನಕ ನೋಡಿದರು.

"ಆಚೆ ಬಂದಿರೋ ತೂತೆಲ್ಲಿ?"

"ಇರ್ಬೇಕಿತ್ತಾ?"

"ಇರ್ಬೇಕಿತ್ತು ಕಣಯ್ಯಾ! ಆ ತೂತಿಂದ ಬಂದ ಗುಂಡಿಗೇ ಒಬ್ಬ ಸತ್ತವ್ನೆ ಅಂತ ನಾನು ಕೈಯಾರೆ ಬರೆದಿದೀನಿ."

ನಜೀರ್ ತಲೆ ಕೆರೆದುಕೊಂಡ. ಕಂಟ್ರಾಕ್ಟರ್ ಆದಿನಾರಾಯಣನ ಮನೆಯಿಂದ ಬಂದ ಮಾಲು ಇದು, ತಾನಿನ್ನೂ ಕೈ ಹಚ್ಚಿಲ್ಲ, ಶಿಕಾರಿಗೆ ಹೋಗಿದ್ದ ಗಾಡಿಯವರು ಗಾಬರಿಯಲ್ಲಿ ಸುಲಿದದ್ದರಿಂದ ಮಾಂಸವೂ ಅಲ್ಲಲ್ಲಿ ಹಾಗೇ ಅಂಟಿಕೊಂಡಿದೆ ಎಂದು ಗೊಣಗಿದ.

ಅಂಟಿಕೊಂಡ ಆ ಮಾಂಸದ ಮೇಲೆ ಅಂಜನಮೂರ್ತಿಗಳ ಬೆರಳು ನಿಂತಿತು. ಎಡಭುಜದ ಒಳಮೈಯಲ್ಲಿ ಏನೋ ಗಂಟಿನಂತೆ ಒತ್ತಿತು. ಅವರು ಮೂಗಿನ ಕರ್ಚೀಫನ್ನು ತಾವೇ ಕಿತ್ತು ಜೇಬಿಗೆ ತುರುಕಿದರು.

"ಚಾಕು ಕೊಡು."

ಕೊಯ್ದಾಗ ಹೊರಬಂದದ್ದು ಸೀಸದ ಮುದ್ದೆ. ಮುಂದಿನ ಭಾಗ ಅಣಬೆಯ ಹಾಗೆ ಅರಳಿ, ಅಂಚೆಲ್ಲ ಮುರಿದುಹೋಗಿತ್ತು. ನಡುವೆ ಮೂಳೆಯ ಚೂರುಗಳು ಕಚ್ಚಿಕೊಂಡಿದ್ದವು.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

ಬಂದೂಕಿನ ವಿಷಯ ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ದೊಡ್ಡ ಪ್ರಾಣಿಯ ಬೇಟೆಗೆ ಎರಡು ಬಗೆಯ ಗುಂಡುಗಳಿವೆ. ಮೆತ್ತನೆ ಮೂತಿಯದು ಮೈಗೆ ತಾಗುತ್ತಲೇ ಅರಳುತ್ತದೆ, ಒಳಗೆಲ್ಲ ಹರಿದುಹಾಕಿ ಅಲ್ಲೇ ನಿಂತುಬಿಡುತ್ತದೆ. ಕಡವೆ, ಜಿಂಕೆಗೆ ಅದು. ಇನ್ನೊಂದು, ಮೈತುಂಬ ಗಟ್ಟಿ ಲೋಹ ಹೊದ್ದದ್ದು. ಆನೆ, ಕಾಟಿಗಳ ದಪ್ಪ ಮೂಳೆಯನ್ನೂ ಕೊರೆದುಕೊಂಡು ಹೋಗಲಿ ಎಂದು ಮಾಡಿದ್ದು. ಅದು ಅರಳುವುದಿಲ್ಲ. ಹೊಕ್ಕಷ್ಟೇ ಸಣ್ಣ ತೂತು ಮಾಡಿ ಹೊರಟುಹೋಗುತ್ತದೆ.

ಮುನಿಶಾಮಿಯ ಎದೆಯಲ್ಲಿದ್ದದ್ದು ಬಟಾಣಿ ಕಾಳಿನಷ್ಟು ತೂತು. ಬೆನ್ನಿನಲ್ಲೂ ಅಷ್ಟೇ. ನೆನ್ನೆ ಸಂಜೆ ಆಸ್ಪತ್ರೆಯ ಡಾಕ್ಟರು, "ಇಷ್ಟು ಚೊಕ್ಕ ಗಾಯ ನಾನು ಯುದ್ಧದಲ್ಲೇ ನೋಡಿದ್ದು" ಎಂದು ಆಡಿದ ಮಾತು ಕಿವಿಯಲ್ಲಿ ಕೂತಿದ್ದರಿಂದಲೇ ಅಂಜನಮೂರ್ತಿ ಈ ಬೆಳಗ್ಗೆ ನಜೀರನ ಬಾಗಿಲು ಬಡಿದದ್ದು.

"ಇದನ್ನ ನೀನು ನೋಡಿದೀಯ, ನೆನಪಿರ್ಲಿ," ಎಂದು ನಜೀರನಿಗೆ ಹೇಳಿ, ಸೀಸದ ಮುದ್ದೆಯನ್ನು ಕಾಗದದಲ್ಲಿ ಸುತ್ತಿಕೊಂಡು ಸೈಕಲ್ ಹತ್ತಿದರು.

ಹಲಸೂರಿನ ದಾರಿಯುದ್ದಕ್ಕೂ ಅವರ ತಲೆಯಲ್ಲಿ ಆದಿನಾರಾಯಣನೇ ಕುಣಿದ. ಮರದ ಕಂಟ್ರಾಕ್ಟರು, ಯುದ್ಧದ ಕಾಲದಲ್ಲಿ ದಂಡಿಗೆ ಸೌದೆ ಹಾಕಿ ದಪ್ಪಗಾದವನು. ಬನ್ನೇರುಘಟ್ಟದ ಕಾಡಿಗೆ ಶಿಕಾರಿ ಹೊರಡಿಸಿದವನೂ ಅವನೇ. ಅವನದು ಎರಡು ಬಂದೂಕು, ಎರಡೂ ಒಂದೇ ಅಳತೆ. ಮೆತ್ತನೆ ಗುಂಡಿನದನ್ನು ಶಫಿಗೆ ಕೊಟ್ಟಿದ್ದ. ಗಟ್ಟಿ ಗುಂಡು ತುಂಬಿದ್ದನ್ನು, ದಾರಿಯಲ್ಲಿ ಆನೆ ಎದುರಾದರೆ ಬೇಕಾದೀತೆಂದು ತಂದಿದ್ದನಂತೆ. "ಅದನ್ನ ನಾನು ಮುಟ್ಟೇ ಇಲ್ಲ ಇನ್ಸ್‌ಪೆಕ್ಟರೇ" ಎಂದು ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟು ಹೇಳಿದ್ದ.

ಮುಟ್ಟೇ ಇಲ್ಲವಂತೆ! ಅಂಜನಮೂರ್ತಿಗಳಿಗೆ ಆ ಕಾಫಿ ಕುಡಿದದ್ದಕ್ಕೇ ಹೊಟ್ಟೆ ಉರಿಯಿತು. ಪೆಡಲು ತುಳಿಯುತ್ತ ಮನಸ್ಸಿನಲ್ಲೇ ಅವನ ಕೈಗೆ ಕೋಳ ತೊಡಿಸಿದರು. ಪಾಪ, ನಮ್ಮ ಇನ್ಸ್‌ಪೆಕ್ಟರರಿಗೆ ಅಂದು ಸಿಕ್ಕ ಸಂತೋಷ ಅಷ್ಟೇ.

ದಂಡು ಮೈಸೂರು ಸರ್ಕಾರಕ್ಕೆ ಸೇರಿ ವರ್ಷ ಕಳೆದಿದ್ದರೂ ಠಾಣೆಯ ಬೋರ್ಡು ಇನ್ನೂ ಇಂಗ್ಲಿಷಿನಲ್ಲೇ ಇತ್ತು. ಅದರ ಕೆಳಗೆ, ಜಗಲಿಯ ಮೇಲೆ, ಶಫಿಯ ಹೆಂಡತಿ ಉಮ್ಮೆ ಕುಲ್ಸುಂ ಮುಸುಕು ಹೊದ್ದು ಕೂತಿದ್ದಳು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಡಬ್ಬಿ. ದಿನವೂ ಅನ್ನ ತರುತ್ತಾಳೆ, ದಿನವೂ ಅವನು ಮುಟ್ಟದೆ ವಾಪಸು ಕಳಿಸುತ್ತಾನೆ.

"ಇವತ್ತೂ ತಿಂದಿಲ್ವೇನಮ್ಮ?"

"ಇಲ್ಲ ಸಾಬ್. ಮುನಿಯಣ್ಣನಿಗೆ ಹಾಕಿದ್ಯಾ ಅಂತ ಕೇಳ್ತಾರೆ. ನಾನ್ ಏನಂತ ಹೇಳ್ಲಿ?"

ಅವಳಿಗೆ ಇನ್ನೊಂದು ನೋವೂ ಇತ್ತು. ಮರ್ಫಿ ಟೌನಿನಲ್ಲಿ ಮುನಿಶಾಮಿಯ ಹೆಂಡತಿ ಮುನಿವೆಂಕಟಮ್ಮನ ಮನೆಗೆ ಸಾವಿನ ದಿನ ಇವಳು ಓಡಿಹೋದಾಗ, ಆಕೆ ಬಾಗಿಲಲ್ಲೇ ತಡೆದು, "ನಿನ್ನ ಗಂಡ ತಿಂದ್ಕೊಂಡ ನನ್ನ ಗಂಡನ್ನ" ಎಂದು ಮಣ್ಣು ತೂರಿದ್ದಳು. ಒಬ್ಬರ ಬಾಣಂತನ ಒಬ್ಬರು ಮಾಡಿದ್ದ ಹೆಂಗಸರು ಅವರು. ಎಲ್ಲಪ್ಪ ಒಳಗೆ ಗೋಡೆಗೊರಗಿ ಕೂತಿದ್ದನಂತೆ. ಅವನು ಅಪ್ಪನ ಜೊತೆ ಕಾಡಿಗೆ ಹೋಗಿದ್ದು ಅದೇ ಮೊದಲು. ಅಪ್ಪನ ಹೆಣವನ್ನು ಹೆಗಲ ಮೇಲೆ ಹೊತ್ತು ಗಾಡಿಗೆ ತಂದ ಮೇಲೆ ಅವನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

"ಡಬ್ಬಿ ತಗೊಂಡು ಬಾರಮ್ಮ ಒಳಗೆ," ಎಂದರು ಅಂಜನಮೂರ್ತಿ. "ಇವತ್ತು ತಿಂತಾನೆ."

ಲಾಕಪ್ಪಿನಲ್ಲಿ ಶಫಿ ಮೊಣಕಾಲಿಗೆ ತಲೆಯಿಟ್ಟು ಕೂತಿದ್ದ. ಗಡ್ಡವೆಲ್ಲ ಬೆಳ್ಳಗಾದಂತೆ ಕಂಡಿತು.

"ಶಫಿ, ತಲೆ ಎತ್ತು. ಕಡವೆಗೆ ಎಲ್ಲಿ ಹೊಡ್ದೆ ಹೇಳು."

"ಎಲ್ಲಿ ಹೊಡ್ದ್ರೇನು ಸಾಬ್. ಹೋಗಿ ಬಿದ್ದಿದ್ದು ನನ್ ಮುನಿಯನ ಎದೆಗೆ."

"ಕೇಳಿದ್ದಕ್ಕೆ ಹೇಳೋ."

"ಭುಜಕ್ಕೆ ಅಂತ ಇಟ್ಟೆ. ನಾನ್ ಯಾವಾಗ್ಲೂ ಅಲ್ಲೇ ಇಡೋದು. ಎದೆಗೂಡಿಗೆ ಹೊಡ್ದ್ರೆ ಕಡವೆ ಓಡ್ಬಿಡತ್ತೆ ಸಾಬ್, ಎಲ್ಲೋ ಪೊದೇಲಿ ಹೋಗಿ ಸಾಯತ್ತೆ. ನಾನ್ ಕತ್ತಿ ಹಿಡ್ಕೊಂಡು ಹುಡುಕೋ ಅಷ್ಟರಲ್ಲಿ ಜೀವ ಹೋಗಿರತ್ತೆ. ಆಮೇಲೆ ಕತ್ತು ಕೊಯ್ದ್ರೂ ಹಲಾಲ್ ಆಗಲ್ಲ, ನಮ್ಮೋರು ಯಾರೂ ತಿನ್ನಲ್ಲ. ಭುಜದ ಮೂಳೆ ಮುರಿದ್ರೆ ಇದ್ದಲ್ಲೇ ಕೂತ್ಕೊಳತ್ತೆ."

ಅವನು ಮತ್ತೆ ಮೊಣಕಾಲಿಗೆ ತಲೆಯಿಟ್ಟ.

"ಮುನಿಯ ಬೈಯೋನು ಸಾಬ್. 'ಮೂಕ ಪ್ರಾಣೀನ ಯಾಕೋ ನರಳಿಸ್ತೀಯ, ಎದೆಗೆ ಹೊಡಿ, ಒಂದೇ ಏಟಿಗೆ ಹೋಗ್ಲಿ, ನಾನು ಹುಡುಕ್ಕೊಡ್ತೀನಿ' ಅಂತ. ಇಪ್ಪತ್ತು ವರ್ಷದಿಂದ ಇದೇ ಜಗಳ ನಮಗೆ. ಅವತ್ತು ಬೆಳಗ್ಗೆನೂ ಬೈದಿದ್ದ. ಕಡವೆ ಸ್ವಲ್ಪ ತಿರುಗ್ತು, ನನ್ ಕೈ ಅವಸರ ಮಾಡ್ತು. ಭುಜ ತಪ್ಪಿ ಪಕ್ಕೆ ಸಂದೀಲಿ ಹೋಗಿರ್ಬೇಕು. ಇಲ್ದಿದ್ರೆ ಆಚೆ ಹೆಂಗ್ ಬರತ್ತೆ?"

ಅಂಜನಮೂರ್ತಿ ಕಾಗದ ಬಿಚ್ಚಿ, ಕಂಬಿಯ ಸಂದಿಯಿಂದ ಸೀಸದ ಮುದ್ದೆಯನ್ನು ಅವನ ಅಂಗೈ ಮೇಲಿಟ್ಟರು.

ಶಫಿ ಅದನ್ನು ಹೆಬ್ಬೆರಳಿನಿಂದ ಉಜ್ಜಿದ. ಮುಖ ಕಿವುಚಿಕೊಂಡ. "ನಂದೇ. ಇದೇನಾ ಮುನಿಯನ..."

"ಅದು ಸಿಕ್ಕಿದ್ದು ಕಡವೆಯ ಎಡಭುಜದೊಳಗೆ. ಬಲಭುಜ ಒಡೆದು, ಎಡಭುಜಕ್ಕೆ ಹೋಗಿ, ಅಲ್ಲೇ ನಿಂತಿದೆ. ನಿನ್ ಕೈ ತಪ್ಪಿಲ್ಲ ಕಣೋ. ನಿನ್ ಗುಂಡು ಆಚೆ ಬಂದೇ ಇಲ್ಲ. ನೀನು ಕೊಂದಿದ್ದು ಕಡವೇನ, ಮುನಿಶಾಮೀನ ಅಲ್ಲ."

ಶಫಿ ಸೀಸವನ್ನು ತಿರುಗಿಸಿ ತಿರುಗಿಸಿ ನೋಡಿ, ಅವರ ಕೈಗೇ ವಾಪಸು ಕೊಟ್ಟ. ಆಮೇಲೆ ಕಂಬಿ ಹಿಡಿದುಕೊಂಡು ಎದ್ದು, "ಕುಲ್ಸುಂ!" ಎಂದು ಕೂಗಿದ. "ಕುಲ್ಸುಂ, ನಾನಲ್ವಂತೆ! ನಾನ್ ಕೊಂದಿಲ್ವಂತೆ ಮುನಿಯನ್ನ!"

ಆಮೇಲೆ ಅವನು ಅತ್ತದ್ದನ್ನು ಏನೆಂದು ಬರೆಯುವುದು? ಹೆಂಡತಿ ಕಂಬಿಯಾಚೆಯಿಂದ ಅವನ ತಲೆ ಸವರಿದಳು. ಅಂಜನಮೂರ್ತಿ ಗೋಡೆಯ ಕಡೆ ತಿರುಗಿ ನಶ್ಯದ ಡಬ್ಬಿ ಹುಡುಕಿದರು. ಅದು ಕೈಯಲ್ಲೇ ಇತ್ತು.

ಡಬ್ಬಿಯ ಅನ್ನ ತಣ್ಣಗಾಗಿತ್ತು. ಆದರೂ ಶಫಿ ತಿಂದ. ದೊಡ್ಡ ದೊಡ್ಡ ತುತ್ತು ಮಾಡಿ, ಕಣ್ಣೀರಿನ ಜೊತೆಗೇ ನುಂಗುತ್ತ ತಿಂದ. ಬಾಯಿ ಕಟ್ಟಿದ್ದವನಿಗೆ ಮಾತೂ ಬಂತು.

"ನಾನ್ ನೋಡೇ ಇಲ್ಲ ಸಾಬ್ ಅವನು ಬಿದ್ದಿದ್ದನ್ನ. ಕಡವೆ ಕೂತ್ಕೊಂಡಿದ್ದೇ ತಡ, ಬಂದೂಕು ಬಿಸಾಕಿ ಓಡ್ದೆ. ಕೊಂಬು ಹಿಡ್ಕೊಂಡು, ಬಿಸ್ಮಿಲ್ಲಾ ಅಂತ ಕತ್ತಿ ಇಟ್ಟೆ. ಅಷ್ಟರಲ್ಲಿ ಹಿಂದಿಂದ ಕರೆ ಗುಂಡು ಹಾರ್ತು. ಕೊಯ್ದು ಮುಗಿಸಿ, 'ಮುನಿಯಾ, ಬಾರೋ, ಇನ್ನೂ ಬೆಚ್ಚಗಿದೆ' ಅಂತ ಕೂಗಿದೀನಿ. ಕಡವೆ ಆಚೆ, ಅವನು ನಿಂತಿದ್ದ ಹಳ್ಳದ ಕಡೆಯಿಂದ ಉತ್ತರಾನೇ ಬರ್ಲಿಲ್ಲ."

"ಏನ್ ಗುಂಡು ಅಂದೆ?"

"ಕರೆ ಗುಂಡು ಸಾಬ್. ಪ್ರಾಣಿ ಬಿದ್ಮೇಲೆ ಒಂದು ಆಕಾಶಕ್ಕೆ ಹಾರಿಸ್ತೀವಿ. ಕೆಳಗೆ ಕಾಯ್ತಿರೋ ಗಾಡಿಯೋರಿಗೆ ಮೇಲೆ ಬನ್ನಿ ಅಂತ."

ಅಂಜನಮೂರ್ತಿ ನಶ್ಯದ ಡಬ್ಬಿಯನ್ನು ಕಂಬಿಗೆ ಕುಟ್ಟಿದರು.

"ಅಯ್ಯೋ ನಿನ್ನ! ಎಷ್ಟು ಗುಂಡು ಹಾರ್ತು ಅಂತ ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಿದೀನಿ. ಗಾಡಿಯೋರೂ ಒಂದೇ ಅಂದ್ರು. ನೀನೂ ಒಂದೇ ಅಂದೆ!"

"ಪ್ರಾಣಿಗೆ ಹೊಡ್ದಿದ್ದು ಒಂದೇ ಅಲ್ವಾ ಸಾಬ್? ಕರೆ ಗುಂಡನ್ನ ಯಾರು ಲೆಕ್ಕಕ್ಕೆ ಹಿಡೀತಾರೆ? ಅದು ಕೂಗು ಹಾಕ್ದಂಗೆ."

ನಿಜ. ಶಿಕಾರಿಯವರ ಲೆಕ್ಕವೇ ಅದು. ಇನ್ಸ್‌ಪೆಕ್ಟರರಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಕಾಡಿನವರ ಲೆಕ್ಕವನ್ನು ಠಾಣೆಯ ಲೆಕ್ಕವೆಂದು ಬರೆದುಕೊಂಡು ಸಹಿ ಹಾಕಿಸಿದವರು ಇವರೇ.

"ಆ ಕರೆ ಗುಂಡು ಹಾರಿಸಿದ್ದು ಯಾವ ಬಂದೂಕಿಂದ?"

"ಇನ್ನೊಂದ್ರಿಂದ. ಗಟ್ಟಿ ಗುಂಡಿಂದು."

"ಆದಿನಾರಾಯಣಾನಾ ಹಾರಿಸಿದ್ದು?" ಅಂಜನಮೂರ್ತಿ ಕಂಬಿಗೆ ಮುಖ ತಂದು ಕೇಳಿದರು. ಇನ್ನೇನು ಹಕ್ಕಿ ಬಲೆಗೆ ಬಿತ್ತೆಂಬ ಆಸೆ.

"ಅವ್ರೆಲ್ಲಿ ಸಾಬ್! ಚಳಿಜ್ವರ ಬಂದು ಕೆಳಗೆ ಗಾಡಿ ಹತ್ರಾನೇ ಕಂಬಳಿ ಹೊದ್ದು ಮಲಗಿದ್ರು. ಆ ಬಂದೂಕು ಹೊತ್ಕೊಂಡು ನನ್ ಹಿಂದೆ ಬಂಡೆ ಮೇಲೆ ನಿಂತಿದ್ದು ನಮ್ ಎಲ್ಲಪ್..."

ತುತ್ತು ಹಿಡಿದ ಕೈ ಬಾಯಿಯ ಹತ್ತಿರವೇ ನಿಂತಿತು.

ಹೊರಗೆ ಬೀದಿಯಲ್ಲಿ ಯಾರೋ ಸೊಪ್ಪು ಮಾರುತ್ತಿದ್ದರು.

ಶಫಿ ತುತ್ತನ್ನು ಮೆಲ್ಲಗೆ ಡಬ್ಬಿಗೆ ವಾಪಸು ಹಾಕಿದ. ಕೈಯನ್ನು ಲುಂಗಿಗೆ ಒರೆಸಿಕೊಂಡ. ಈಗಷ್ಟೇ ಬದುಕಿ ಬಂದಿದ್ದ ಮುಖ ನೋಡನೋಡುತ್ತ ಬೂದಿಯಾಯಿತು.

"ಸಾಬ್," ಎಂದ, "ಆ ಸೀಸ ಇಲ್ಲಿ ಕೊಡಿ."

"ಯಾಕೆ?"

"ಕೊಡಲ್ಲ ಅಂದ್ರೆ ನೀವೇ ಹಲಸೂರು ಕೆರೆಗೆ ಎಸ್ದ್‌ಬಿಡಿ ಅದನ್ನ. ನನ್ ಗುಂಡೇ ಮುನಿಯನಿಗೆ ಬಿದ್ದಿದ್ದು. ನಾನೇ ಒಪ್ಕೊಂಡಿದೀನಲ್ಲ. ನಾಳೆ ಕೋರ್ಟಲ್ಲೂ ಹೇಳ್ತೀನಿ."

"ಹುಚ್ಚು ಹಿಡೀತೇನೋ ನಿನಗೆ?"

"ಹುಡುಗನಿಗೆ ಬಂದೂಕು ಹೊಸದು ಸಾಬ್. ಭಾರದ ಬಂದೂಕು. ಮೇಲಕ್ಕೆತ್ತೋ ಮುಂಚೆನೇ ಕುದುರೆ ಎಳೆದಿರ್ತಾನೆ. ಬೇಕಂತ ಮಾಡ್ತಾನಾ? ಅಪ್ಪ ಅಂದ್ರೆ ಪ್ರಾಣ ಅವನಿಗೆ." ಅವನು ಎರಡೂ ಕೈಯಿಂದ ಇನ್ಸ್‌ಪೆಕ್ಟರರ ತೋಳು ಹಿಡಿದ. "ಆ ತಾಯಿಗೆ ಗಂಡ ಹೋದ. ಮಗನ್ನೂ ನೀವು ಕರ್ಕೊಂಡ್ ಹೋದ್ರೆ ಅವಳು ಯಾರ ಮುಖ ನೋಡ್ಕೊಂಡ್ ಬದುಕ್ಬೇಕು? ಮಗನೇ ಅಂತ ಗೊತ್ತಾದ್ರೆ ಅವಳು ಅನ್ನ ಮುಟ್ತಾಳಾ? ನನ್ನ ಬೈಕೊಂಡಾದ್ರೂ ಬದುಕ್ಲಿ ಬಿಡಿ ಸಾಬ್."

"ಮತ್ತೆ ನಾನು?" ಎಂದಳು ಉಮ್ಮೆ ಕುಲ್ಸುಂ.

ಅವಳ ದನಿ ಏರಿರಲಿಲ್ಲ. ಶಫಿ ಅವಳ ಕಡೆ ತಿರುಗಲಿಲ್ಲ, ತಿರುಗುವ ಧೈರ್ಯ ಅವನಿಗಿರಲಿಲ್ಲ. ಅವಳು ಡಬ್ಬಿಯ ಮುಚ್ಚಳವನ್ನು ಹುಡುಕಿ, ಅದನ್ನು ಮುಚ್ಚಿ, ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು.

ಒಬ್ಬ ನಿರಪರಾಧಿಯನ್ನು ಬಿಡಿಸಬೇಕೆಂದು ಹಟ ಹಿಡಿದು ಹೊರಟವರು ಅಂಜನಮೂರ್ತಿ. ಬಿಡಿಸುವ ಗುಂಡು ಅಂಗೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲಿಟ್ಟರೆ ಶಫಿ ಮನೆಗೆ ಹೋಗುತ್ತಾನೆ. ಆದರೆ ಮರ್ಫಿ ಟೌನಿನ ಆ ಇನ್ನೊಂದು ಮನೆಯ ದೀಪ? ಹಾಳಾದ ಕೆಲಸ ಇದು, ಎಂದು ತಮ್ಮನ್ನೇ ಬೈದುಕೊಂಡರು.

ಅಷ್ಟರಲ್ಲಿ ಬಾಗಿಲಲ್ಲಿ ಕಾನ್‌ಸ್ಟೇಬಲ್ಲು ಯಾರನ್ನೋ ತಡೆಯುವ ಸದ್ದು ಕೇಳಿತು. ಅವನನ್ನು ಸರಿಸಿಕೊಂಡೇ ಒಳಗೆ ಬಂದವಳು ಮುನಿವೆಂಕಟಮ್ಮ. ಬರಿಯ ಹಣೆ, ಬಿಚ್ಚಿದ ತಲೆ. ನೇರವಾಗಿ ಬಂದು, ನೆಲದ ಮೇಲಿದ್ದ ಉಮ್ಮೆ ಕುಲ್ಸುಮಳ ಮುಂದೆ ಕುಸಿದು ಅವಳ ಎರಡೂ ಕೈ ಹಿಡಿದುಕೊಂಡಳು.

"ನನ್ನ ಬಾಯಿ ಸೇದೋಗ್ಲಿ ಕಣಕ್ಕ. ಮಣ್ಣು ತೂರಿದ್ನಲ್ಲ ನಿನ್ ಮುಖಕ್ಕೆ. ತಪ್ಪಾಯ್ತು."

"ತಂಗ್ಯಮ್ಮಾ," ಎಂದ ಶಫಿ ಒಳಗಿನಿಂದ, ಗಾಬರಿಯಾಗಿ. "ನೀನ್ಯಾಕೆ ಇಲ್ಲಿಗ್ ಬಂದೆ? ಮನೆಗ್ ಹೋಗು."

"ಇಲ್ಲಣ್ಣ. ಇವತ್ತು ನನ್ ಮಗ ಬಾಯಿ ಬಿಟ್ಟ." ಅವಳು ಕಣ್ಣೊರೆಸಿಕೊಂಡು ಅಂಜನಮೂರ್ತಿಗಳ ಕಡೆ ತಿರುಗಿದಳು. "ನಾಳೆ ಕೋರ್ಟು ಅಂತ ಪಕ್ಕದ್ಮನೆಯೋರು ಅಂದಿದ್ದು ಕೇಳಿಸ್ಕೊಂಡ ಸ್ವಾಮಿ. ಎದ್ದು ಕೂತು, 'ಅಮ್ಮ, ಶಫಿ ಮಾಮ ಅಲ್ಲ, ಮಾಮನ್ನ ಬಿಡ್ಸು' ಅಂದ. ಮತ್ಯಾರ್ಲಾ ಅಂದ್ರೆ ಅಳ್ತಾನೆ. ನಂಗೊತ್ತು, ಟೇಸನ್ನಾಗೆ ಹೇಳ್ತೀನಿ ಅಂತಾನೆ. ಪಾಪ, ಕಣ್ಣಾರೆ ನೋಡವ್ನೆ. ಭಯಕ್ಕೇ ಇಷ್ಟು ದಿನ ಬಾಯಿ ಕಟ್ಟೋಗಿತ್ತು. ಹೊರಗೆ ಹುಣ್ಸೆ ಮರದ ಕೆಳಗೆ ನಿಂತವ್ನೆ."

"ಅವನಿಗೆ ಏನೂ ಗೊತ್ತಿಲ್ಲ!" ಶಫಿ ಕಂಬಿಯನ್ನು ಹಿಡಿದು ಅಲ್ಲಾಡಿಸಿದ. "ಸಾಬ್, ಕರೀಬೇಡಿ ಅವನನ್ನ! ನಾನೇ ಕೊಂದಿದ್ದು, ನಾನೇ!"

"ನೋಡಿ ಸ್ವಾಮಿ, ಎಂಥಾ ಮನುಷ್ಯ," ಎಂದಳು ಮುನಿವೆಂಕಟಮ್ಮ. "ಯಾರ್ದೋ ಪಾಪ ತಲೆ ಮೇಲೆ ಹೊತ್ಕೊಂಡವ್ನೆ." ಅವಳು ಇನ್ಸ್‌ಪೆಕ್ಟರರ ಕಾಲು ಮುಟ್ಟಲು ಬಗ್ಗಿದಳು. ಅವರು ಹಿಂದಕ್ಕೆ ಸರಿದರು. "ನನಗೆ ನ್ಯಾಯ ಬೇಕು. ನನ್ ಗಂಡನ್ನ ಕೊಂದೋನು ಯಾರೇ ಆಗಿರ್ಲಿ, ಎಷ್ಟು ದೊಡ್ಡೋನೇ ಆಗಿರ್ಲಿ, ಬಿಡಬ್ಯಾಡಿ. ಆಣೆ ಮಾಡಿ ನನಗೆ."

ಅಂಜನಮೂರ್ತಿಗಳ ಮುಚ್ಚಿದ ಅಂಗೈಯೊಳಗೆ ಸೀಸದ ಮುದ್ದೆ ಬೆವರಿನಿಂದ ಒದ್ದೆಯಾಗಿತ್ತು.

ಅವಳು ಅವರ ಮಾತಿಗೆ ಕಾಯಲಿಲ್ಲ. ಬಾಗಿಲ ಕಡೆ ಮುಖ ಮಾಡಿ, ಚಿಕ್ಕಂದಿನಲ್ಲಿ ಅವನನ್ನು ಊಟಕ್ಕೆ ಕರೆಯುತ್ತಿದ್ದ ದನಿಯಲ್ಲೇ ಕೂಗಿದಳು:

"ಬಾರೋ ಮಗನೇ ಒಳಗೆ, ಹೆದರ್ಬ್ಯಾಡ. ನಾನಿದೀನಿ. ನಿಮ್ಮಪ್ಪನ್ನ ಕೊಂದೋನ ಹೆಸ್ರು ಹೇಳು, ಸಾಹೇಬ್ರು ಬರ್ಕೊಂತಾರೆ."

ಜಗಲಿಯ ಮೇಲೆ ಹೆಜ್ಜೆ ಸದ್ದಾಯಿತು. ಎಲ್ಲಪ್ಪ ಹೊಸ್ತಿಲು ದಾಟಿ ಒಳಗೆ ಬಂದ.